ಪಿಸ್ಟನ್ ಮೇಲಿನ ಜೇಡಿ

ಡಾಕ್ಟರ ಹಳೆಯ ರೇಸ್ ಕಾರಿನ ಇಂಜಿನ್ ಶೆಡ್ಡಿನ ನಡುವೆ ಸ್ಟ್ಯಾಂಡಿನ ಮೇಲೆ ಕೂತಿತ್ತು. ಸಂಜೆ ಅವರು ಬಂದು ಅದನ್ನು ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿಕೊಂಡು ಹೋಗುವವರಿದ್ದರು. ಮೇಸ್ತ್ರಿ ವಾಲ್ವುಗಳನ್ನು ತೆರೆಸುವ ಹೊಸ ಕ್ಯಾಮ್‌ಶಾಫ್ಟ್ ಕೂರಿಸಿ, ಕೈ ಒರೆಸಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದರು.

"ಮೂರು ಮಿಲಿಮೀಟರ್ ಕಣೇ. ಪಿಸ್ಟನ್ ಮೇಲಕ್ಕೆ ಬಂದಾಗ ವಾಲ್ವು ಇಳಿಯೋದು ಮೂರೇ. ಜಾಗ ಇರೋದು ಐದು. ಎರಡು ಉಳೀತು. ಮಂಚ ಹಾಕಿ ಮಲಗಬಹುದು."

ಅವಳಿಗೆ ನಗು ಬರಲಿಲ್ಲ. ಕ್ಯಾಮಿನ ಉಬ್ಬು ಎತ್ತುವುದೇನೋ ಮೂರೇ. ಆದರೆ ಅದು ವಾಲ್ವನ್ನು ನೇರವಾಗಿ ಒತ್ತುವುದಿಲ್ಲ. ನಡುವೆ ರಾಕರ್ ಇದೆ, ಸನ್ನೆಗೋಲಿನ ಹಾಗೆ. ಈ ತುದಿಯ ಒಂದು ಆ ತುದಿಯಲ್ಲಿ ಒಂದೂವರೆಯಾಗುತ್ತದೆ. ಮೂರು ಹೋಗಿ ನಾಲ್ಕೂವರೆ. ಉಳಿಯುವುದು ಅರ್ಧ ಮಿಲಿಮೀಟರ್. ಕೈಯಲ್ಲಿ ತಿರುಗಿಸಿದರೆ ಏನೂ ತಾಗದು. ರೇಸಿನ ವೇಗದಲ್ಲಿ ಉಕ್ಕೂ ಹಿಗ್ಗುತ್ತದೆ, ವಾಲ್ವು ಹಿಂದೆ ಸರಿಯುವುದರೊಳಗೆ ಪಿಸ್ಟನ್ ಬಂದು ಗುದ್ದುತ್ತದೆ. ಇದನ್ನೆಲ್ಲ ಹೇಳಿಕೊಟ್ಟವರು ಅವರೇ, ಮದುವೆಯ ಹೊಸತರಲ್ಲಿ, ಲೋಟದ ಅಂಚಿನ ಮೇಲೆ ಸೌಟು ಅಡ್ಡವಿಟ್ಟು.

ಹಿಂದೊಂದು ಗಾಡಿಗೆ ಆಯಿಲ್ ಹಾಕಲು ಅವರು ಮರೆತಾಗ ಅವಳೇ ಸದ್ದಿಲ್ಲದೆ ಹಾಕಿದ್ದಳು. ಇನ್ನೊಂದರ ಬೋಲ್ಟುಗಳನ್ನು ಅವರು ಊಟಕ್ಕೆ ಎದ್ದಾಗ ಬಿಗಿ ಮಾಡಿದ್ದಳು. ಇದು ಹಾಗೆ ಮುಚ್ಚಿಡುವಂಥದ್ದಲ್ಲ. ಬಾಯಿಬಿಟ್ಟರೆ ಮನುಷ್ಯ ಕುಸಿಯುತ್ತಾರೆ, ಬಿಡದಿದ್ದರೆ ಇಂಜಿನ್ ಒಡೆಯುತ್ತದೆ. ಇಂಜಿನ್ನೇ ಹೇಳಲಿ ಎನ್ನಿಸಿತು.

"ಎಷ್ಟು ಜಾಗ ಉಳಿಯುತ್ತೆ ಅಂತ ಜೇಡಿ ಇಟ್ಟು ನೋಡೋಣ ರೀ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದ್ದಿದ್ದಕ್ಕೇ ಅಲ್ವಾ ನಿಮ್ಮನ್ನ ಕಟ್ಕೊಂಡಿದ್ದು. ಸುಮ್ನೆ, ನನಗೋಸ್ಕರ."

"ಮುದುಕಿಗೆ ಮಣ್ಣಾಟದ ಆಸೆ," ಎಂದು ಗೊಣಗಿದರೂ ಅವರು ಇಂಜಿನ್ನಿನ ಮೇಲ್ಮುಚ್ಚಳ, ಹೆಡ್ ಬಿಚ್ಚಿದರು. ಮಕ್ಕಳಾಡುವ ಜೇಡಿಯನ್ನು ಪಿಸ್ಟನ್ ತಲೆಗೆ ದಪ್ಪಗೆ ಮೆತ್ತಿ, ಹೆಡ್ ಮತ್ತೆ ಕೂರಿಸಿ ಬಿಗಿದರು. ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಇಂಜಿನ್ನನ್ನು ಕೈಯಲ್ಲೇ ತಿರುಗಿಸಿದರು. ಎಲ್ಲೂ ತಡೆಯಲಿಲ್ಲ.

"ಬೆಣ್ಣೆ ಥರ ಹೋಯ್ತು. ಸಮಾಧಾನ ಆಯ್ತಾ ತಾಯಿ?"

"ಕತ್ತರಿಸಿ ನೋಡಿ."

ಅವರು ಹೆಡ್ ಎತ್ತಿ, ವಾಲ್ವು ಒತ್ತಿದ ಗುಳಿಯ ಮೇಲೆ ಬ್ಲೇಡು ಎಳೆದರು. ಎರಡು ಮಿಲಿಮೀಟರ್ ದಪ್ಪ ಇರಬೇಕಾದಲ್ಲಿ ಜೇಡಿ ಈರುಳ್ಳಿ ಸಿಪ್ಪೆಯಷ್ಟಿತ್ತು. ಬೆರಳು ತಾಗಿದ್ದೇ ಅದು ಹರಿದು, ಕೆಳಗಿನ ಲೋಹ ಮಿನುಗಿತು.

ಅವರ ತುಟಿ ತುಂಬಾ ಹೊತ್ತು ಏನನ್ನೋ ಲೆಕ್ಕ ಹಾಕುತ್ತಿತ್ತು.

"ರಾಕರ್," ಎಂದರು ಕೊನೆಗೆ. "ಒಂದೂವರೆ."

ಅವಳು ತಲೆಯಾಡಿಸಿದಳು.

"ನಿನಗೆ ಗೊತ್ತಿತ್ತು."

ಇಲ್ಲ ಎನ್ನಲು ಬಾಯಿ ತೆರೆದಳು. ತನ್ನನ್ನೇ ನೋಡುತ್ತಿದ್ದ ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ.

"ಹ್ಞೂಂ."

"ಇದೊಂದೇನಾ?"

"ಹೋದ ಗಾಡೀಲೂ ಒಂದಿತ್ತು. ಅದಕ್ಕೂ ಮುಂಚೆ..."

"ಸಾಕು ಬಿಡು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವರು ಸ್ಟೂಲಿನ ಮೇಲೆ ಕೂತು ಫೋನ್ ಮಾಡಿದರು.

"ಡಾಕ್ಟ್ರೇ, ಸಂಜೆ ಬರಬೇಡಿ. ಇಲ್ಲ ಇಲ್ಲ, ಕಾರಿಗೇನೂ ಆಗಿಲ್ಲ. ಇದಕ್ಕೆ ಬೇರೆ ಮೇಸ್ತ್ರೀನ ನೋಡ್ಕೊಳ್ಳಿ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. "ನಾಳೆ ನಾನೇ ನಿಮ್ಮ ಹತ್ರ ಬರ್ತೀನಿ. ಕಾರಿನ ವಿಷಯ ಅಲ್ಲ. ನನ್ನನ್ನ ನೋಡಬೇಕು ನೀವು."

ಫೋನ್ ಕೆಳಗಿಟ್ಟು ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡರು. ಇಷ್ಟು ವರ್ಷದಲ್ಲಿ ಆ ಕೈಗಳು ಶೆಡ್ಡಿನೊಳಗೆ ಸುಮ್ಮನೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಮುಂದೆ ಬರುವ ಮೇಸ್ತ್ರಿಗೆ ಕೊಳೆ ಬಿಟ್ಟಂತಾಗಬಾರದೆಂದು ಅವಳು ಬಟ್ಟೆ ತೆಗೆದುಕೊಂಡು ಪಿಸ್ಟನ್ ಮೇಲಿನ ಜೇಡಿ ಒರೆಸತೊಡಗಿದಳು.

"ಅಂಚಲ್ಲಿ ಒಂಚೂರು ಉಳಿದಿದೆ ನೋಡು," ಎಂದರು ಅವರು, ಕೂತಲ್ಲಿಂದಲೇ.

ಉಳಿದಿತ್ತು.