ಅಟ್ಟದ ಮೇಲಿನ ಹೊಸ ಟೈರುಗಳು

"ಹಿಡ್ಕೋ! ಬಂತು, ಹಿಡ್ಕೋ!"

ಬಡಗಿ ಅಟ್ಟದ ಮೇಲಿಂದ ಕೂಗುವಷ್ಟರಲ್ಲಿ ಟೈರು ಏಣಿಯ ಮೇಲೆ ಧಡಧಡ ಕುಪ್ಪಳಿಸಿ, ಕೆಳಗೆ ಕೈಚಾಚಿ ನಿಂತಿದ್ದ ಅವನ ತಂಗಿಯ ಪಕ್ಕದಿಂದ ನುಣುಚಿಕೊಂಡು, ಮರದ ಹೊಟ್ಟಿನ ರಾಶಿಗೆ ಹೋಗಿ ಬಿತ್ತು.

"ನಾನು ಆಂಬುಲೆನ್ಸ್ ಓಡಿಸೋಳು ಅಣ್ಣಾ, ಗೋಲ್‌ಕೀಪರ್ ಅಲ್ಲ," ಎಂದಳು ತಂಗಿ, ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತ.

"ಇನ್ನೂ ಮೂರಿದೆ. ಸರಿಯಾಗಿ ನಿಂತ್ಕೋ."

ನಾಲ್ಕೂ ಇಳಿದವು. ಬಡಗಿ ಬಟ್ಟೆಯಿಂದ ಒರೆಸಿದ. ಕಪ್ಪಗೆ ಮಿರಮಿರ ಮಿಂಚಿದವು. ಅಂಗಡಿಯಲ್ಲಿ ಅಂಟಿಸಿದ್ದ ಬಣ್ಣದ ಚೀಟಿಯನ್ನೂ ಕಿತ್ತಿರಲಿಲ್ಲ.

ಅಂಗಳದಲ್ಲಿ ಅವನ ಕೆಂಪು ಕಾರು ನಿಂತಿತ್ತು. ಎರಡೇ ಬಾಗಿಲು, ನೆಲ ಮೂಸುವಂಥ ತಗ್ಗು ಮೂತಿ, ವಯಸ್ಸಿನಲ್ಲಿ ಮಗಳಿಗಿಂತ ದೊಡ್ಡದು. ಇಂಜಿನ್ನು ಇನ್ನೂ ಹುಲಿ. ಕಾಲಿಗೆ ಹಾಕಿದ ಟೈರುಗಳು ಮಾತ್ರ ಸವೆದು ಬೋಳಾಗಿದ್ದವು. ನಾಡಿದ್ದು ಮಗಳು ಅದನ್ನು ಓಡಿಸಿಕೊಂಡು ಬೆಟ್ಟದಾಚೆಯ ಊರಿಗೆ ಹೋಗಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಕಾರು ಅಪ್ಪನ ಉಡುಗೊರೆ.

"ಇದಕ್ಕೇ ಅಂತ ಎತ್ತಿಟ್ಟಿದ್ದೆ," ಎಂದ ಬಡಗಿ ಹೆಮ್ಮೆಯಿಂದ. "ಒಳ್ಳೇ ಟೈರು ಕಣೇ. ಬಿಸಿಲು ತಾಗಿಲ್ಲ, ಮಳೆ ತಾಗಿಲ್ಲ, ರಸ್ತೆನೇ ನೋಡಿಲ್ಲ. ತೇಗದ ಹಲಗೆ ಪಕ್ಕದಲ್ಲೇ ಇಟ್ಟಿದ್ದೆ. ಒಣಗಿ ಹದವಾಗಿದೆ."

"ಹದ ಆಗೋಕೆ ಅದೇನು ಮರಾನಾ?"

"ಟೈರೂ ಮರದ ಹಾಲಿಂದಾನೇ ತಾನೇ ಆಗೋದು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. "ಇವರ ಹತ್ರ ವಾದ ಮಾಡ್ಬೇಡ. ಅಟ್ಟದ ಮೇಲೆ ಸಾಮಾನು ಹಳೇದಾದಷ್ಟೂ ಇವರಿಗೆ ಪ್ರೀತಿ ಜಾಸ್ತಿ. ನನ್ನನ್ನೂ ಒಂದೆರಡು ವರ್ಷ ಅಟ್ಟಕ್ಕೆ ಹಾಕಿ ಅಂತ ಹೇಳಿದೀನಿ."

ಪಕ್ಕದ ಮನೆಯ ಬೇಕರಿಯವನು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಇಣುಕಿದ. ಯಾರ ಮನೆಯಲ್ಲಿ ಏನು ಇಳಿದರೂ ಅವನಿಗೆ ನೋಡಲೇಬೇಕು. "ಹೊಸದೇ ಇದೆಯಲ್ಲಪ್ಪಾ! ಗ್ರಿಪ್ ನೋಡು, ಬೆರಳೇ ಮುಳುಗುತ್ತೆ. ಹಾಕ್ಸಿಬಿಡು, ಯೋಚನೆ ಮಾಡ್ಬೇಡ."

"ಕೇಳಿಸ್ಕೊಂಡ್ಯಾ?" ಎಂದ ಬಡಗಿ ತಂಗಿಗೆ.

ತಂಗಿ ಮಂಡಿಯೂರಿ ಕುಳಿತು, ಟೈರಿನ ಪಕ್ಕದ ಮೈಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಲ್ಲಿಸಿದಳು. ಅಣ್ಣನ ಮಗಳನ್ನು ಕರೆದಳು. "ಬಾ ಇಲ್ಲಿ. ಇದನ್ನ ಓದು."

ಮಗಳು ಬಗ್ಗಿದಳು. "ಏನೇನೋ ಅಕ್ಷರ ಇದೆ ಅತ್ತೆ. ಕೊನೇಲಿ ನಾಲ್ಕು ಅಂಕಿ. ಒಂದು ಎಂಟು, ಒಂದು ಮೂರು."

"ಮೊದಲ ಎರಡು ಅಂಕಿ ವಾರ. ಆಮೇಲಿನ ಎರಡು ವರ್ಷ. ಆ ವರ್ಷದ ಹದಿನೆಂಟನೇ ವಾರದಲ್ಲಿ ಈ ಟೈರು ಹುಟ್ಟಿದೆ. ಹದಿಮೂರನೇ ಇಸವಿ."

"ಆಗ ನಾನಿನ್ನೂ ಪ್ರೈಮರಿ ಸ್ಕೂಲು!" ಎಂದು ಮಗಳು ಬಾಯ್ಬಿಟ್ಟಳು.

"ಆದ್ರೇನು?" ಎಂದ ಬಡಗಿ. "ಒಂದು ದಿನಾನೂ ಓಡಿಸಿಲ್ಲ."

"ಓಡಿಸದಿದ್ರೂ ವಯಸ್ಸಾಗುತ್ತೆ ಅಣ್ಣಾ. ಮೂಲೇಲಿ ಸುಮ್ನೆ ಕೂತೋರಿಗೆ ವಯಸ್ಸಾಗಲ್ವಾ?"

"ನಿನಗೆ ಯಾವಾಗಲೂ ಹೆದರಿಸೋದೇ ಕೆಲಸ."

ತಂಗಿ ಎದ್ದು ನಿಂತಳು. ಅವಳ ದನಿ ಏರಲಿಲ್ಲ. "ನನ್ನ ಕೆಲಸ ಏನು ಅಂತ ನಿನಗೆ ಗೊತ್ತು. ಮಳೇಲಿ, ತಿರುವಿನಲ್ಲಿ ಮಗುಚಿದ ಕಾರಿಂದ ಜನರನ್ನ ಎತ್ತಿ ಮಲಗಿಸ್ತೀನಿ. ಆಮೇಲೆ ಟೈರು ನೋಡ್ತೀನಿ. ಅಭ್ಯಾಸ ಆಗೋಗಿದೆ. ಎಷ್ಟೋ ಸಲ ಗ್ರಿಪ್ ಚೆನ್ನಾಗೇ ಇರುತ್ತೆ. ಮೇಲಿನ ಪದರ ಮಾತ್ರ ಸಿಪ್ಪೆ ಸುಲಿದ ಹಾಗೆ ಕಿತ್ತು ಬಂದಿರುತ್ತೆ."

ಬೇಕರಿಯವನು ಗೋಡೆಯಿಂದ ಮೊಣಕೈ ತೆಗೆದ. ಅದು ಅಪರೂಪ.

"ಅಣ್ಣಾ, ನಿನ್ನ ಅಂಟಿನ ಡಬ್ಬ ಎಲ್ಲಿ?"

"ಯಾಕೆ?"

"ಹೋದ ವರ್ಷದ್ದು ಇದೆಯಾ? ಅದರಲ್ಲಿ ನನಗೊಂದು ಕುರ್ಚಿ ಮಾಡಿಕೊಡು."

"ಹುಚ್ಚಾ? ಹಳೇ ಅಂಟು ಹಿಡಿಯುತ್ತಾ? ಅಂಟಿಸಿದಾಗ ಅಂಟಿದ ಹಾಗೇ ಇರುತ್ತೆ. ಭಾರ ಬಿದ್ದ ದಿನ ಪದರ ಪದರವಾಗಿ ಬಿಟ್ಕೊಳ್ಳುತ್ತೆ. ಕೂತೋನು ನೆಲಕ್ಕೆ."

ಹೇಳಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು.

"ಟೈರು ಅಂದ್ರೆ ರಬ್ಬರು, ದಾರ, ತಂತಿ, ಎಲ್ಲಾ ಪದರ ಪದರವಾಗಿ ಅಂಟಿಸಿದ್ದು," ಎಂದಳು ತಂಗಿ. "ನೀನು ಅದನ್ನ ತೇಗ ಅಂದ್ಕೊಂಡಿದೀಯಾ. ಅದು ಪ್ಲೈವುಡ್ಡು ಕಣಣ್ಣಾ. ಅಂಟು ಒಣಗಿ ಹೋಗಿದೆ."

ಬಡಗಿ ಟೈರನ್ನು ಮಂಡಿಯ ಮೇಲಿಟ್ಟು, ಎರಡೂ ಕೈಯಿಂದ ಒತ್ತಿ ಬಗ್ಗಿಸಿದ. ಗ್ರಿಪ್ಪಿನ ಸಂದಿಯೊಳಗೆ ಹೆಬ್ಬೆರಳು ತೂರಿಸಿ ಸವರಿದ. ಹಲಗೆಯ ಮೇಲೆ ಕಣ್ಣಿಗೆ ಕಾಣದ ಸೀಳನ್ನು ಹಿಡಿಯುವ ಬೆರಳು ಅದು. ಸಂದಿಯ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಸಿಕ್ಕವು. ಒಂದಲ್ಲ, ಉದ್ದಕ್ಕೂ. ಎರಡನೆಯ ಟೈರಿನಲ್ಲೂ ಅದೇ. ಮೂರನೆಯದನ್ನು ಅವನು ಮುಟ್ಟಲಿಲ್ಲ.

"ಕಾರಿನ ಕೀ ಎಲ್ಲಿ?" ಎಂದ. "ಅಂಗಡಿಗೆ ಹೋಗೋಣ. ನಿಧಾನವಾಗಿ ನಾನೇ ಓಡಿಸ್ತೀನಿ."

ಟೈರಿನ ಅಂಗಡಿಯಲ್ಲಿ ಅವನ ಹಳೇ ಹುಮ್ಮಸ್ಸು ಮರಳಿತು. ಗೋಡೆಗೆ ಒರಗಿಸಿದ್ದ ಅಗಲವಾದ ಟೈರೊಂದನ್ನು ತಟ್ಟಿ, "ಇದು ಹಾಕಿದ್ರೆ ನಮ್ಮ ಕಾರು ರೇಸ್ ಕಾರಿನ ಹಾಗೆ ಕಾಣುತ್ತೆ," ಎಂದ.

"ಕಾಣೋದು ಯಾರಿಗೆ?" ಎಂದಳು ತಂಗಿ. "ಇವಳು ಓಡಿಸೋದು ಮಳೆ ರಸ್ತೇಲಿ, ದಿನಾ ಡ್ಯೂಟಿಗೆ. ಅಳತೆ ಮೀರಿ ಅಗಲ ಮಾಡಿದ್ರೆ ನೀರಿನ ಮೇಲೆ ತೇಲೋದು ಜಾಸ್ತಿ. ಸ್ಟೀರಿಂಗ್ ತಿರುಗಿಸಿದ್ರೆ ಒಳಗೆ ಉಜ್ಜುತ್ತೆ. ಡ್ರೈವರ್ ಬಾಗಿಲು ತೆಗಿ."

ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಸ್ಟಿಕ್ಕರ್ ಇತ್ತು. ಇಷ್ಟು ವರ್ಷ ಆ ಬಾಗಿಲಿಗೆ ಪಾಲಿಶ್ ಹಾಕಿದವನು ಅದನ್ನು ಓದಿರಲೇ ಇಲ್ಲ. ಟೈರಿನ ಅಳತೆ ಎಷ್ಟು, ಗಾಳಿ ಎಷ್ಟು ತುಂಬಿಸಬೇಕು, ಎರಡೂ ಅಲ್ಲೇ ಬರೆದಿತ್ತು.

"ಕಾರು ಮಾಡಿದವರೇ ಬರೆದಿರೋದು. ಇದಕ್ಕಿಂತ ದೊಡ್ಡ ಸಲಹೆ ಬೇಡ," ಎಂದಳು ತಂಗಿ. "ಅಳತೆ ಆದ್ಮೇಲೆ ಒಂದು ಸಂಖ್ಯೆ, ಒಂದು ಅಕ್ಷರ ಬರುತ್ತೆ. ಸಂಖ್ಯೆ ಎಷ್ಟು ಭಾರ ಹೊರುತ್ತೆ ಅಂತ, ಅಕ್ಷರ ಎಷ್ಟು ವೇಗ ತಡೆಯುತ್ತೆ ಅಂತ. ಇದು ಜೋರಾಗಿ ಓಡೋಕೆ ಮಾಡಿದ ಕಾರು, ವಯಸ್ಸಾದ್ರೂ ಇಂಜಿನ್ನು ಅದೇ. ಅಗ್ಗ ಅಂತ ಕಮ್ಮಿ ಅಕ್ಷರದ ಟೈರು ಹಾಕ್ಸಬಾರದು."

"ಎರಡೇ ಹೊಸದು ಹಾಕ್ಸಿದ್ರೆ ಸಾಲದಾ ಅತ್ತೆ?" ಎಂದು ಮಗಳು ಕೇಳಿದಳು.

"ಕೈಲಾಗದಿದ್ದಾಗ ಎರಡು. ಆಗ ಹೊಸದು ಹಿಂದಿನ ಚಕ್ರಕ್ಕೆ, ಮಳೇಲಿ ಬಾಲ ಜಾರಬಾರದು ನೋಡು. ಆದ್ರೆ ನಿನ್ನ ಕಾರಲ್ಲಿ ನಾಲ್ಕೂ ಬೋಳು. ನಾಲ್ಕೂ ಒಂದೇ ಥರದ್ದು, ಒಂದೇ ಸಲ."

ಅಂಗಡಿಯವನು ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ನಾಲ್ಕು ಟೈರು ಉರುಳಿಸಿ ತಂದ. ಅವನು ಬಾಯಿ ತೆರೆಯುವ ಮೊದಲೇ ಬಡಗಿ ಕನ್ನಡಕ ಏರಿಸಿ ನೆಲಕ್ಕೆ ಕೂತುಬಿಟ್ಟ. ಒಂದೊಂದರ ನಾಲ್ಕು ಅಂಕಿಯನ್ನೂ ಗಟ್ಟಿಯಾಗಿ ಓದಿದ. ಎಲ್ಲವೂ ಇದೇ ವರ್ಷದವು.

ವಾಪಸು ಬರುವಾಗ ಮಗಳು ಓಡಿಸಿದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಮನೆಯ ಹತ್ತಿರದ ತಿರುವಿನಲ್ಲಿ ಬಡಗಿ ಅಭ್ಯಾಸಬಲದಿಂದ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಬೋಳು ಟೈರಿದ್ದಾಗ ಕಾರಿನ ಬಾಲ ಅಲ್ಲೇ ಜಾರುತ್ತಿದ್ದುದು. ಕಾರು ಹಳಿಯ ಮೇಲಿದ್ದಂತೆ ತಿರುಗಿತು. ಅವನು ಕೈ ಸಡಿಲಿಸಿದ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಮುಂದೆಯೂ ಒಂದು ಗಾಡಿ ನಿಂತಿರಬಹುದು. ಈ ಹಾಳೆಯನ್ನು ಕೆಳಗಿಟ್ಟು ಹೋಗಿ ಅದರ ಟೈರು ನೋಡಿ. ಹೊರಮೈಯಲ್ಲಿ ನಾಲ್ಕು ಅಂಕಿ ಕಾಣದಿದ್ದರೆ ಗಾಡಿಯ ಕಡೆಗಿರುವ ಒಳಮೈಯಲ್ಲಿರುತ್ತದೆ, ಬಗ್ಗಿ ನೋಡಿ. ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ದಾಟಿದ್ದರೆ, ಎಷ್ಟೇ ಮಿಂಚಲಿ, ಬದಲಿಸಿ. ಹೊಸದನ್ನು ಆರಿಸುವಾಗ ಬಾಗಿಲ ಸ್ಟಿಕ್ಕರ್ ಓದಿ. ಕನಸಿನ ರಸ್ತೆಗಲ್ಲ, ನೀವು ದಿನಾ ಓಡಾಡುವ ರಸ್ತೆಗೆ ತಕ್ಕ ಟೈರು ಕೊಳ್ಳಿ. ಹಾಗೆಯೇ, ತೆಗೆದ ಹಳೆಯದು ಇನ್ನೊಬ್ಬರ ಗಾಡಿಗೆ ಹೋಗದಂತೆ ನೋಡಿಕೊಳ್ಳಿ.

ಈ ಕೊನೆಯ ಮಾತು ಬಡಗಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವರು ಕಾರಿಂದ ಇಳಿಯುವಾಗಲೇ ಗೋಡೆಯ ಮೇಲೆ ಬೇಕರಿಯವನ ಮೊಣಕೈ ಕಾಣಿಸಿಕೊಂಡಿತು. "ಹೊಸದು ಹಾಕ್ಸೇಬಿಟ್ಯಲ್ಲ! ಹಂಗಾದ್ರೆ ಅಟ್ಟದ್ದು ನಂಗೆ ಕೊಡು. ಅಳಿಯನ ಕಾರಿಗೆ ಇದೇ ಅಳತೆ. ಒಳ್ಳೇ ರೇಟು ಕೊಡ್ತೀನಿ."

ಬಡಗಿ ಒಳಗೆ ಹೋಗಿ ಡ್ರಿಲ್ಲಿಂಗ್ ಮಷೀನು ತಂದ. ಮೊದಲ ಟೈರನ್ನು ಕಾಲಲ್ಲಿ ಒತ್ತಿ ಹಿಡಿದ.

"ಹಳೇ ಬನ್ನು ಮೇಲೆ ಸಕ್ಕರೆ ಉದುರಿಸಿ ನನ್ನ ಮಗಳಿಗೆ ಮಾರ್ತೀಯಾ?" ಎಂದು ಕೇಳಿದ.

"ಛೆ ಛೆ! ಏನು ಮಾತು ಅಂತ ಆಡ್ತೀಯಪ್ಪಾ!"

"ನಾನೂ ನಿನ್ನ ಅಳಿಯನಿಗೆ ಇದನ್ನ ಮಾರಲ್ಲ."

"ಅಯ್ಯೋ, ಪಕ್ಕದ ಮನೆಯವನು ಕಣೋ! ಎರಡರಷ್ಟು ಕೊಡ್ತೀನಿ. ಹಿಡಿ, ಈಗಲೇ ಹಿಡಿ," ಎಂದು ಬೇಕರಿಯವನು ಗೋಡೆಯ ಮೇಲಿಂದ ನೋಟಿನ ಕಟ್ಟು ಚಾಚಿದ.

ಬಡಗಿ ಆ ಕಡೆ ತಿರುಗಲೂ ಇಲ್ಲ. ಡ್ರಿಲ್ಲು ರಬ್ಬರಿನೊಳಗೆ ಇಳಿಯಿತು.

"ಕೊಡಲ್ಲ."