ರೇಡಾರಿಗೆ ಕಾಣದ ಓಣಿ

ಭಾವ ಅವಳಿಗೆ ಇಟ್ಟ ಹೆಸರು ‘ಬಹುಶಃ ಮೇಡಂ’. ಹವಾಮಾನ ಕಚೇರಿಯಲ್ಲಿ ಕೂತು ಮಳೆ ಹೇಳುವ ನಾದಿನಿ ಬೇರೆ ಪದದಿಂದ ಮಾತು ಶುರುಮಾಡಿದ್ದನ್ನು ಅವನು ಕೇಳಿಯೇ ಇಲ್ಲವಂತೆ.

ಆ ಮಧ್ಯಾಹ್ನ ಫೋನ್ ಮಾಡಿದ್ದು ಅಕ್ಕ.

“ನಮ್ಮ ಓಣಿ ಮೇಲೆ ಕಪ್ಪಗೆ ಕಟ್ಟಿಕೊಂಡಿದೆ ಕಣೇ. ಅತ್ತೇನ ಎತ್ತಿಸ್ಲಾ, ಬೇಡ್ವಾ? ಒಂದೇ ಮಾತು ಹೇಳು.”

“ಇರು ಅಕ್ಕಾ, ನೋಡ್ತೀನಿ.”

ಅಕ್ಕನ ಅತ್ತೆಗೆ ಸೊಂಟ ಮುರಿದಿದೆ. ಮಲಗಿರುವುದು ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿನ ಕೋಣೆಯಲ್ಲಿ. ಜೋರು ಮಳೆ ಬಂದರೆ ಚರಂಡಿ ಮೊದಲು ನುಗ್ಗುವುದು ಆ ಮಂಚದ ಕೆಳಕ್ಕೇ. ಎದುರುಮನೆಯ ಮಹಡಿಗೆ ಹೊತ್ತು ಸಾಗಿಸಲು ಭಾವನೇ ಬರಬೇಕು. ಭಾವ ಮೂವತ್ತು ಮಹಡಿಯ ಕಟ್ಟಡವೊಂದರ ಕಾವಲುಗಾರ. ಹಿಂದಿನ ಸಲ ನಾದಿನಿಯ ಮಾತು ನಂಬಿ ಗೇಟು ಬಿಟ್ಟು ಓಡಿಬಂದಿದ್ದ. ಮುದುಕಿ ಮೆಟ್ಟಿಲುದ್ದಕ್ಕೂ ನರಳಿದಳು. ಮೇಲೆ ಹೋಗಿ ನೋಡಿದರೆ ಚುರುಚುರು ಬಿಸಿಲು. ಇನ್ನೊಮ್ಮೆ ಗೇಟು ಬಿಟ್ಟರೆ ತಿರುಗಿ ಬರಬೇಡ ಎಂದಿದ್ದಾರೆ ಕಟ್ಟಡದವರು.

ರೇಡಾರ್ ತೆರೆಯ ಮೇಲೆ ಊರೆಲ್ಲ ಹಸಿರು, ಹಳದಿ ಮಚ್ಚೆ. ಅಕ್ಕನ ಓಣಿಯ ದಿಕ್ಕಿಗೆ ಮಾತ್ರ ಹಣ್ಣಿನ ಹೋಳಿನ ಆಕಾರಕ್ಕೆ ಬಿಳಿ. ಬಿಳಿ ಎಂದರೆ ಮಳೆಯಿಲ್ಲ. ಆದರೆ ಈ ಬಿಳಿ ಬೇರೆ. ರೇಡಾರ್ ಬಿಟ್ಟ ಅಲೆ ಹನಿಗೆ ಬಡಿದು ಮರಳಿದರೆ ತಾನೇ ಬಣ್ಣ? ನಡುವೆ ಕಟ್ಟಡ ಎದ್ದರೆ ಅದರ ಬೆನ್ನ ಹಿಂದೆ ರೇಡಾರ್ ಕುರುಡು. ಕಾಣದ್ದಕ್ಕೂ ಇಲ್ಲದ್ದಕ್ಕೂ ಯಂತ್ರ ಒಂದೇ ಬಣ್ಣ ಬಳಿಯುತ್ತದೆ. ಎದ್ದದ್ದು ಭಾವ ಕಾಯುವ ಕಟ್ಟಡವೇ. ಮೇಲಿನ ಮಹಡಿಯವರಿಗೆ ದೂರದ ನೋಟ ಬೇಕಿತ್ತು. ಅದಕ್ಕೆ ಓಣಿಯವರ ಆಕಾಶವನ್ನೇ ಕಿತ್ತುಕೊಂಡರು.

ಅವಳು ದೊಡ್ಡ ಸಾಹೇಬರ ಮೇಜಿಗೆ ಹೋದಳು.

“ಆ ಓಣಿಗೆ ಎಚ್ಚರಿಕೆ ಕೊಡೋಣ ಸಾರ್. ಜನ ಮೋಡ ನೋಡ್ತಿದ್ದಾರೆ.”

“ತೆರೆ ಮೇಲೆ ಏನಿದೆಯಮ್ಮಾ?”

“ಏನೂ ಇಲ್ಲ. ಅಲ್ಲಿ ನಮಗೆ ಕಾಣಲ್ಲ ಅಲ್ವಾ.”

“ಕಾಣದೇ ಇರೋದನ್ನ ಏನಂತ ಹೇಳೋದು? ಹೋದ ಸಲ ಎಚ್ಚರಿಕೆ ಕೊಟ್ಟು ನಗೆಪಾಟಲಾಗಿದ್ದು ಸಾಲದಾ?”

“ಆ ಕಟ್ಟಡಕ್ಕೆ ಒಪ್ಪಿಗೆ ಕೊಡೋವಾಗ ನಮ್ಮನ್ನ ಯಾರಾದ್ರೂ ಕೇಳಿದ್ರಾ?”

“ಕೇಳಿದ್ರು. ಬೇಡ ಅಂತ ನಾನೇ ಬರೆದೆ. ಅದನ್ನ ಓದಿದವರು ಈಗ ಅಲ್ಲೇ ಇಪ್ಪತ್ತೆಂಟನೇ ಮಹಡೀಲಿದ್ದಾರೆ.” ಸಾಹೇಬರು ಅವಳ ಮುಖ ನೋಡದೆ ನೀರು ಕುಡಿದರು.

ಕಟ್ಟಡವೇ ಇಲ್ಲದಿದ್ದರೂ ಖಚಿತ ಹೇಳಲಾಗುತ್ತಿತ್ತೇ? ಇಂಥ ಮೋಡ ಅರ್ಧ ಗಂಟೆಯಲ್ಲಿ ಹುಟ್ಟಿ, ಒಂದು ಬೀದಿಗೆ ಸುರಿದು, ಪಕ್ಕದ ಬೀದಿಗೆ ಧೂಳಷ್ಟೇ ಎರಚಿ ಸಾಯುತ್ತದೆ. ಹಿಂದಿನ ಸಲವೂ ಮಳೆ ಬಂದಿತ್ತು, ಎರಡು ಬೀದಿ ಆಚೆ. ಅದನ್ನು ಮುದುಕಿಯ ಸೊಂಟಕ್ಕೆ ತಿಳಿಸಿ ಹೇಳುವುದು ಹೇಗೆ?

ಫೋನಿನಲ್ಲಿ ಅಕ್ಕ ಕಾಯುತ್ತಲೇ ಇದ್ದಳು.

“ಏನಂತೆ?”

“ನಿಮ್ಮ ಓಣಿ ನನಗೆ ಕಾಣಲ್ಲ ಅಕ್ಕಾ.”

“ಅಷ್ಟೆಲ್ಲ ಓದಿದ್ದು ಯಾಕೆ ಮತ್ತೆ? ಇವರನ್ನ ಕರೀಲಾ, ಬೇಡ್ವಾ, ಅಷ್ಟು ಹೇಳು ಸಾಕು.”

“ಬಹುಶಃ...”

“ಅದೊಂದನ್ನ ಬಿಟ್ಟು ಹೇಳು.”

ಅದನ್ನು ಬಿಟ್ಟರೆ ಅವಳ ಬಳಿ ಬೇರೇನೂ ಉಳಿಯುತ್ತಿರಲಿಲ್ಲ. ‘ಭಾವನ್ನ ಕರಿ’ ಎನ್ನಲು ಬಾಯಿ ತೆರೆದಳು. ಭಾವನ ಗೇಟು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಫೋನಿನೊಳಗೆ ತಗಡಿನ ಮೇಲೆ ಟಪ್ ಎಂದಿತು. ಇನ್ನೊಂದು. ಆಮೇಲೆ ಹಿಡಿ ಹಿಡಿಯಾಗಿ ಜಲ್ಲಿ ಎರಚಿದ ಸದ್ದು.

“ಬಂತು ಕಣೇ,” ಅಕ್ಕನ ದನಿ ಸದ್ದಿನಡಿ ಮುಳುಗಿ ಎದ್ದಿತು. “ಇವರು ಓಡಿ ಬಂದ್ರೂ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಸುರಿಯತ್ತಾ, ನಿಂತುಹೋಗತ್ತಾ? ಅದನ್ನಾದ್ರೂ ಹೇಳು.”

ಅಕ್ಕನ ಬೆನ್ನ ಹಿಂದಿನಿಂದ ಮುದುಕಿ ಕೇಳುತ್ತಿದ್ದಳು, ನೀರು ಬಂತಾ, ನೀರು ಬಂತಾ ಎಂದು.

ಅವಳು ತೆರೆ ನೋಡಿದಳು. ಓಣಿಯ ಮೇಲೆ ಬಿಳಿ, ಒಂದು ಚುಕ್ಕೆಯೂ ಇಲ್ಲದ ಬಿಳಿ.