ಗುಮ್ಮಟದ ಎಂಟನೇ ಪಾಲು

ಗೋಡೆ ಕಂಡಲ್ಲಿ ಮಡಚಿದ ಬೆರಳಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು ನಿಲ್ಲುವುದು ನನ್ನ ಷಡ್ಡಕನ ಹುಟ್ಟುಗುಣ. ಆಸ್ಪತ್ರೆಗೆ ಹೋದರೂ ಮೊದಲು ಗೋಡೆಯ ಕ್ಷೇಮ ವಿಚಾರಿಸಿ, ಆಮೇಲೆ ರೋಗಿಯ ಕಡೆ ತಿರುಗುವ ಮನುಷ್ಯ. ಎಲ್ಲಿ ಟೊಳ್ಳಾಗಿದೆ, ಎಲ್ಲಿ ತೇವ ಕೂತಿದೆ ಎಂಬುದೆಲ್ಲ ಆ ಸದ್ದಿನಲ್ಲೇ ತಿಳಿಯುತ್ತದಂತೆ. ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಒಂದೇ ವರ್ಷದಲ್ಲಿ ಕರಣೆ ಹಿಡಿದವರು ನಾವಿಬ್ಬರು. ಆದರೆ ಊರಿನ ದೊಡ್ಡ ಅಂಚೆ ಕಚೇರಿಯನ್ನು ಸಿರಿವಂತರ ಅಪಾರ್ಟ್‌ಮೆಂಟುಗಳಾಗಿ ಮಾರ್ಪಡಿಸಲು ಹೊರಟಾಗ, ಗುಮ್ಮಟದ ಗಾರೆ ಕೆಲಸ ಆತನಿಗೆ ಹೋಯಿತು, ಬಚ್ಚಲುಮನೆಗಳ ಟೈಲ್ಸ್ ನನ್ನ ಪಾಲಿಗೆ ಬಂತು. ಆ ಸಿಟ್ಟು ಇಂದಿಗೂ ನೀರಿಗೆ ಬಿದ್ದ ಸುಣ್ಣದ ಕಲ್ಲಿನ ಹಾಗೆ ಕುದಿಯುತ್ತದೆ.

ಸುಡುಬಿಸಿಲಿನಲ್ಲೂ ಕಳಚದ ಕಂದು ಉಣ್ಣೆಯ ಕೋಟು, ಅದರ ತೋಳಿನ ಮೇಲೆ ಪದರುಪದರಾಗಿ ಹೆಪ್ಪುಗಟ್ಟಿದ ಸುಣ್ಣ. ಸಾರವೆಯ ಹಲಗೆಯ ಮೇಲಿದ್ದವನಂತೆ ನೆಲದ ಮೇಲೂ ಹೆಜ್ಜೆಯನ್ನು ಪರೀಕ್ಷಿಸಿ ಊರುವ ನಡಿಗೆ. ಏನು ಕೇಳಿದರೂ "ನೋಡೋಣ, ಒಣಗಲಿ" ಎಂಬುದೊಂದೇ ಉತ್ತರ. ಮಗಳಿಗೆ ಗಂಡು ಗೊತ್ತಾಯಿತೇ ಎಂದು ನನ್ನವಳು ಕೇಳಿದಾಗಲೂ ಅದನ್ನೇ ಹೇಳಿದ ಪುಣ್ಯಾತ್ಮ.

ಎಲ್ಲರ ಮೇಲೂ ಹರಿಹಾಯುತ್ತಿದ್ದ ಎಂಜಿನಿಯರ್ ಆತನನ್ನು ಮಾತ್ರ ಬಹುವಚನದಲ್ಲಿ ಮಾತನಾಡಿಸುತ್ತಿದ್ದ. ಊರಿಗೆ ಊರೇ ಸಾಲುಗಟ್ಟಿ ನಿಂತು ಕಾಗದ ಹಾಕುತ್ತಿದ್ದ ನಡುಹಜಾರದ ಮೇಲೆ ಆ ಗುಮ್ಮಟ. ಅದರಡಿಯ ಮನೆಯನ್ನು ಕೊಳ್ಳಲು ಬಂದವರೆಲ್ಲ ಕತ್ತೆತ್ತಿ ಆತನ ಕೈಯನ್ನು ನೋಡುವರು. ನನ್ನ ಟೈಲ್ಸನ್ನು ಯಾರು ನೋಡಿದರು? ಒಂದು ದಿನ ಬುತ್ತಿ ತಂದ ನನ್ನ ಹೆಂಡತಿಯೂ ಅಲ್ಲೇ ನಿಂತು, "ಭಾವನ ಕೈ ನೋಡಿ, ಬೆಣ್ಣೆ ಬಳಿದ ಹಾಗಿದೆ. ನಿಮ್ದು ಬಾಯಿ ಒಂದೇ ಜೋರು" ಅಂದಳು. ಅಂದು ಬುತ್ತಿಯನ್ನು ಬಿಚ್ಚದೆ ಹಾಗೇ ವಾಪಸು ಕಳಿಸಿದೆ.

ಮಾನ ಬಿಟ್ಟು ಕೇಳಿದೆ. ಗುಮ್ಮಟಕ್ಕೆ ಎಂಟು ಪಾಲು. ನನಗೂ ಒಂದು ಕೊಡಿ ಎಂದೆ. ಆತ ಒಣಗಲಿ ಎನ್ನಲಿಲ್ಲ. ಏಣಿಯನ್ನು ನನ್ನ ಕಡೆಗೆ ಸರಿಸಿ, ನೀರಿನಲ್ಲಿ ನೆನೆಹಾಕಿ ಹದಕ್ಕಿಟ್ಟ ಸುಣ್ಣದ ತೊಟ್ಟಿಯನ್ನು ತೋರಿಸಿದ, ಅಷ್ಟೆ.

ಹಳೆಯ ಗೋಡೆಗೆ ಬರಿಯ ಸುಣ್ಣದ ಗಾರೆಯೇ ಆಗಬೇಕು, ಗೋಡೆ ಅದರೊಳಗಿನಿಂದ ಉಸಿರಾಡುತ್ತದೆ. ಇದು ನಮ್ಮ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠ. ಆದರೆ ಸುಣ್ಣ ಗಟ್ಟಿಯಾಗುವುದು ತನ್ನ ಮನಸ್ಸು ಬಂದಾಗ. ಆತನಿಗಿಂತ ಮೊದಲು ಮುಗಿಸಿ ತೋರಿಸಬೇಕೆಂಬ ಹಟಕ್ಕೆ ಬಿದ್ದ ನಾನು ಪ್ರತಿ ಸಲ ಗಾರೆ ಕಲಸುವಾಗಲೂ ಎರಡು ಬೊಗಸೆ ಸಿಮೆಂಟು ಬೆರೆಸಿದೆ. ಎರಡೇ ದಿನದಲ್ಲಿ ನನ್ನ ಪಾಲು ಕನ್ನಡಿಯಂತೆ ನಿಂತಿತು. ಊಟದ ಹೊತ್ತಿಗೆ ಎಲ್ಲರನ್ನೂ ಕರೆದು ತೋರಿಸಿದೆ. ಆತ ಮೇಲೆ ಹತ್ತಿ, ತಟ್ಟಿ, ಕಿವಿಯಿಟ್ಟ. ಇಳಿದು ಬಂದು ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ, "ಇವತ್ತು ಸಂಜೆನೇ ಕೆರೆದು ಹಾಕ್ಬಿಡು ತಮ್ಮ. ನಾನೂ ಕೈ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ" ಅಂದ.

"ನನ್ನ ಕೆಲಸ ಕಂಡ್ರೆ ನಿಮಗೆ ಹೊಟ್ಟೆಕಿಚ್ಚು" ಎಂದೆ ನಾನು. ಹಾಗೆಂದ ನಾಲಿಗೆ ಇದೇ.

ಮೊದಲ ಮಳೆಗೆ ಹಳೆಯ ಗೋಡೆ ತೇವ ಕುಡಿಯಿತು. ಹೊರಬರಲು ದಾರಿಯಿಲ್ಲದ ತೇವ ಒಳಗೇ ಉಬ್ಬಿತು. ಕೊಳ್ಳುವವರೊಬ್ಬರು ಮನೆ ನೋಡುತ್ತ ನಿಂತಿದ್ದಾಗಲೇ ನನ್ನ ಪಾಲು ಹಪ್ಪಳದಂತೆ ಎದ್ದು ಹೊಸ ಅಮೃತಶಿಲೆಯ ನೆಲಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಎಂಜಿನಿಯರ್ ಕೂಗಾಡಿದ: ಸಿಮೆಂಟು ಹಾಕಿದ್ದು ಯಾರು? ಬಾಯಿಯೊಂದೇ ಜೋರಾದ ನಾನು ಎಲ್ಲರ ಬೆನ್ನ ಹಿಂದೆ ಸರಿದು ನಿಂತೆ.

"ಗಾರೆ ಕಲಸಿಕೊಟ್ಟಿದ್ದು ನಾನು. ನನ್ನ ಕೈಯಿಂದಾನೇ ಆಗಿದ್ದು" ಅಂದ ಆತ.

ಬಹುವಚನ ಅಲ್ಲಿಗೆ ಮುಗಿಯಿತು. ಕೋಟಿನ ಗುಂಡಿ ಹಾಕಿಕೊಂಡು, ಹೆಜ್ಜೆಯನ್ನು ಪರೀಕ್ಷಿಸುತ್ತ ಆತ ಗೇಟು ದಾಟಿದ. ಉಳಿದ ಗುಮ್ಮಟವನ್ನು ನನಗೇ ಕೊಟ್ಟರು. ಸುಣ್ಣ ಹದವಾಗುವ ತನಕ ಕಾದು, ನಿಯತ್ತಾಗಿ ಮುಗಿಸಿದೆ. ನನ್ನವಳೂ ಬಂದು ಕತ್ತೆತ್ತಿ ನೋಡಿ, ಭಾವನ ಕೈಯ ಹಾಗೇ ಬಂದಿದೆ ಎಂದು ಹೊಗಳಿದಳು. ಅದರಲ್ಲೂ ಆತನೇ ಮೊದಲು.

ಈಗ ಆತ ಸಣ್ಣಪುಟ್ಟ ಮನೆಗಳ ಗೋಡೆ ತಿದ್ದಿಕೊಂಡಿದ್ದಾನೆ. ತಪ್ಪೊಪ್ಪಿಕೊಂಡುಬಿಡೋಣವೆಂದು ಎರಡು ಸಲ ಆತನ ಮನೆಗೆ ಹೋಗಿ, ಜಗಳವಾಡಿ ಬಂದಿದ್ದೇನೆ. ಬೈಯುವವರ ಋಣ ಬೈಗುಳದಲ್ಲೇ ತೀರುತ್ತದೆ. ಎದುರಿಗೆ ನಿಂತು ತಿರುಗಿ ಬೈದರಾಯಿತು. ಆದರೆ ಕೊಟ್ಟದ್ದನ್ನೇ ನೆನಪಿಟ್ಟುಕೊಳ್ಳದ ಒಂದು ಜಾತಿಯ ಜನರಿದ್ದಾರೆ. ಅವರ ಬಾಗಿಲಿಗೆ ಹೋಗಿ ನಿಂತರೂ ಆ ಋಣವನ್ನು ವಾಪಸು ಪಡೆಯುವವರು ಒಳಗಿರುವುದಿಲ್ಲ. ಹೋದಲ್ಲೆಲ್ಲ ಗೋಡೆ ತಟ್ಟುವ ನನ್ನ ಷಡ್ಡಕ, ನಾನೇ ಗಾರೆ ಮಾಡಿದ ನಮ್ಮ ಮನೆಗೆ ಬಂದಾಗ ಮಾತ್ರ, ಅಂದಿನಿಂದ ಇಂದಿನವರೆಗೂ, ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಕೂರುತ್ತಾನೆ.